ಮುಂಬೈ ಸವೆದ ನಕಾಶೆ

ಗೆಳೆಯರೇ, ಇಂದು ದಾದರಿನಲ್ಲಿ ಇತಿಹಾಸ ಶಿಕ್ಷಕರ ತರಬೇತಿ ಇತ್ತು. ಹೋದ ವರ್ಷ ತೀರಿಕೊಂಡ ನನ್ನ ಯಜಮಾನರು ಪಾಠಕ್ಕೆ ಬಳಸುತ್ತಿದ್ದ ಮಹಾರಾಷ್ಟ್ರದ ನಕಾಶೆಯನ್ನು ಅಲ್ಲಿ ತೂಗುಹಾಕಲು ನಾನೇ ಕೊಟ್ಟಿದ್ದೆ. ತರಬೇತಿಯವರು ಅದರ ಕೆಳಗೆ ‘ಮುಟ್ಟಬೇಡಿ’ ಎಂಬ ಚೀಟಿ ಅಂಟಿಸಿದ್ದರು. ಪಾಠಕ್ಕೆ ಮೊದಲು ಮಕ್ಕಳೆಲ್ಲ ‘ನಾವು ಇಲ್ಲಿದ್ದೇವೆ’ ಎಂದು ಮುಂಬೈ ಮೇಲೆ ಬೆರಳಿಡಬೇಕೆಂಬುದು ನಮ್ಮ ಯಜಮಾನರ ನಿಯಮವಾಗಿತ್ತು. ಸವೆದು ಸವೆದು ಅಲ್ಲೀಗ ತೂತು ಬಿದ್ದಿದೆ. ನಾನೂ ಬೆರಳಿಟ್ಟೆ.

“ಆಂಟಿ, ಹಾತ್ ಮತ್ ಲಗಾವೋ! ಮೊದ್ಲೇ ಮುಂಬೈ ಹೋಗಿದೆ,” ಎಂದು ಉಸ್ತುವಾರಿಯ ಟೀಚರ್ ಓಡಿಬಂದಳು.

“ಮುಟ್ಟಿ ಮುಟ್ಟಿಯೇ ಹೋದದ್ದು ಮಗಾ. ನಮ್ಮವರು ಮುಟ್ಟಿಸಿಯೇ ಕಲಿಸಿದ್ದು.”

ಅವಳು ಚೀಟಿ ಕಿತ್ತು, ತಾನೂ ಬೆರಳಿಟ್ಟಳು. ಆಮೇಲೆ ಶಿಕ್ಷಕರ ಸಾಲೇ ನಿಂತಿತು.

ಸಂಜೆಯ ಹೊತ್ತಿಗೆ ತೂತು ಪಕ್ಕದ ಊರು ಠಾಣೆಯವರೆಗೆ ಹರಿದಿತ್ತು. ನಮ್ಮವರಿದ್ದಿದ್ದರೆ, “ಮುಂಬೈ ಬೆಳೀತಾ ಉಂಟು ಮಾರಾಯ್ತಿ” ಎನ್ನುತ್ತಿದ್ದರು.