ಹತ್ತು ನಂಬರಿನ ಡಬ್ಬ

ಮೇ 4, ಭಾನುವಾರ, ಬೆಳಿಗ್ಗೆ 9.20. ಜೀಪ್ ಶೆಡ್ಡಿನ ನೆಲಕ್ಕೆ ನೀಲಿ ಟಾರ್ಪಾಲು ಹಾಸಿ ಮೊದಲ ಡಬ್ಬವನ್ನು ಬೋರಲು ಹಾಕಿದೆ. ಡೈರಿಯಲ್ಲಿ ಹಾಗೆಂದೇ ಬರೆದಿದ್ದೇನೆ.

ಶೆಡ್ಡಿನಲ್ಲಿ ಈಗ ಜೀಪಿಲ್ಲ. ಅದನ್ನು ಮಾರಿ ಆರು ವರ್ಷವಾಯಿತು, ಹೆಸರು ಮಾತ್ರ ಉಳಿದಿದೆ. ನಾನು ಸಾಗರದವಳು. ಹೊಸನಗರದ ಔಷಧಿ ಅಂಗಡಿಯೊಂದರಲ್ಲಿ ಕೆಲಸ ಸಿಕ್ಕಿದ ಮೇಲೆ ದೊಡ್ಡಪ್ಪ, ದೊಡ್ಡಮ್ಮನ ಜೊತೆ ಈ ಮನೆಯಲ್ಲಿದ್ದೇನೆ. ದೊಡ್ಡಪ್ಪ ಬೆಳಿಗ್ಗೆ ಆರೂವರೆಗೆ ಶೆಡ್ಡಿಗೆ ಇಳಿದರೆ ಊಟದ ಹೊತ್ತಿಗೇ ಮೇಲೆ ಬರುವವರು. ಸುತ್ತಲಿನವರ ಪಂಪು, ಔಷಧಿ ಹೊಡೆಯುವ ಮಿಷನ್ನು, ಹುಲ್ಲು ಹೊಡೆಯುವ ಮಿಷನ್ನು ಎಲ್ಲ ಅವರ ಕೈಗೇ ಬರುತ್ತಿದ್ದವು. ಯಾವುದೂ ಮೂರು ದಿನಕ್ಕಿಂತ ಹೆಚ್ಚು ಶೆಡ್ಡಿನಲ್ಲಿ ಕೂತಿದ್ದಿಲ್ಲ.

ನನ್ನ ಕಣ್ಣಿಗೆ ಚುಚ್ಚುತ್ತಿದ್ದದ್ದು ಅವರು ಬೋಲ್ಟು, ನಟ್ಟು, ಸ್ಕ್ರೂ ತುಂಬಿಡುತ್ತಿದ್ದ ಡಬ್ಬಗಳು. ಒಟ್ಟು ಹದಿನೇಳು. ಹಾಲಿನ ಪುಡಿಯ ಡಬ್ಬ, ಚೌಕದ ಬಿಸ್ಕೆಟ್ ಡಬ್ಬ, ಹಿಡಿ ಇರುವ ಪೇಂಟಿನ ಡಬ್ಬ, ಜೋನಿಬೆಲ್ಲದ ಡಬ್ಬ, ಅಡಿಕೆಗೆ ಹೊಡೆಯುವ ಮೈಲುತುತ್ತ ಬಂದಿದ್ದ ಪ್ಲಾಸ್ಟಿಕ್ ಡಬ್ಬ. ಬಾಯಿ ಒಡೆದ ಉಪ್ಪಿನಕಾಯಿ ಭರಣಿ ಒಂದು. ವಾಷರುಗಳಿಗೆ ತೆಂಗಿನ ಗೆರಟೆ, ಸಣ್ಣ ಪಿನ್ನುಗಳಿಗೆ ಎಲೆಯಡಿಕೆ ತಟ್ಟೆಯ ಹಳೆಯ ಸುಣ್ಣದಂಡೆ. ಯಾವುದರ ಮೇಲೂ ಚೀಟಿಯಿಲ್ಲ. ದಿನವೆಲ್ಲ ಅಕ್ಷರಮಾಲೆಯ ಪ್ರಕಾರ ಮಾತ್ರೆ ಜೋಡಿಸುವ ನನಗೆ ಶೆಡ್ಡಿನ ಬಾಗಿಲು ದಾಟುವಾಗಲೆಲ್ಲ ಮೈ ಕಡಿದಂತಾಗುತ್ತಿತ್ತು.

“ದೊಡ್ಡಪ್ಪ, ಇದನ್ನೆಲ್ಲ ಒಂದು ಸಲ ಸರಿ ಮಾಡ್ಲಾ?” ಎಂದು ಕೇಳಿದ್ದೆ.

“ಎಂತ ಸರಿ ಮಾಡ್ತೀಯೆ, ಅವು ಸರಿಯಾಗೇ ಇದಾವಲ್ಲ,” ಎಂದರು. ಮೂರನೆಯ ಸಲ ಕೇಳಿದಾಗ ಸೋತರು. “ಮಾಡ್ಕ ಮಾರಾಯ್ತಿ. ಎಲ್ಲಿಂದ ತೆಗ್ದಿದ್ಯೋ ಅಲ್ಲೇ ಇಡು, ಅಷ್ಟೆ.”

ಎರಡು ಭಾನುವಾರ ಹಿಡಿಯಿತು. ಬೋಲ್ಟು, ನಟ್ಟು, ವಾಷರು ಎಲ್ಲ ಸೇರಿ 1,286. ತುಕ್ಕು ಹಿಡಿದು ಕೆಲಸಕ್ಕೆ ಬಾರದ 94 ಬೇರೆ. ನಮ್ಮ ಅಂಗಡಿಯಲ್ಲಿರುವಂಥವೇ ಪಾರದರ್ಶಕ ಪೆಟ್ಟಿಗೆ ಇಪ್ಪತ್ತಮೂರು ತಂದೆ. ಎಲ್ಲ ಒಂದೇ ಅಳತೆ, ಒಂದೇ ಮುಚ್ಚಳ. ಅಚ್ಚು ಹಾಕಿಸಿದ ಚೀಟಿ ಅಂಟಿಸಿದೆ. ಗೋಡೆಯ ಹಲಗೆಯ ಮೇಲೆ ಮೂರು ಸಾಲು. ಎಲ್ಲಿಂದ ತೆಗೆದೆನೋ ಅಲ್ಲೇ ಇಡಬೇಕೆಂಬ ಮಾತಿಗೆ, ಅದೇ ಶೆಡ್ಡು ತಾನೇ ಎಂದು ನಾನೇ ಅರ್ಥ ಹೇಳಿಕೊಂಡೆ.

ಮೇ 11ರಂದು ದೊಡ್ಡಪ್ಪ ತೀರ್ಥಹಳ್ಳಿಗೆ ಮದುವೆಗೆ ಹೋಗಿದ್ದರು. ಅಂದೇ ಗುಜರಿಯವನ ಗಾಡಿ ಬಂತು. ತಗಡಿನ ಡಬ್ಬ ಹದಿಮೂರನ್ನೂ ಕೊಟ್ಟುಬಿಟ್ಟೆ, ಬದಲಿಗೆ ಒಂದು ಪ್ಲಾಸ್ಟಿಕ್ ಮೊರ ಬಂತು. ಗೆರಟೆ, ಭರಣಿ, ಸುಣ್ಣದಂಡೆ, ಮೈಲುತುತ್ತದ ಡಬ್ಬ ಅವನಿಗೆ ಬೇಡವಾದವು. ಅವು ಹಿತ್ತಿಲಿಗೆ ಹೋದವು.

ಮರುದಿನ ಬೆಳಿಗ್ಗೆ ಶೆಡ್ಡಿನಿಂದ ಕೂಗು.

“ಏ ಪುಟ್ಟಿ, ಹತ್ತು ನಂಬರ್ ಎಲ್ಲಿಟ್ಟಿದೀಯೆ?”

“ಎರಡನೇ ಸಾಲು, ಮೂರನೇ ಪೆಟ್ಟಿಗೆ. ಚೀಟಿ ನೋಡಿ ದೊಡ್ಡಪ್ಪ.”

ಸ್ವಲ್ಪ ಹೊತ್ತಿಗೆ ಮತ್ತೆ ಕೂಗು. “ಇದು ಹದಿನೇಳು ಕಣೆ. ಹತ್ತು ಕೇಳಿದ್ರೆ ಹದಿನೇಳು ಕೊಡ್ತೀಯಲ್ಲ, ಔಷಧಿ ಅಂಗ್ಡೀಲೂ ಹಿಂಗೇ ಕೊಡ್ತೀಯಾ?”

ಅಂದು ಒಂಬತ್ತು ಸಲ ಕರೆದರು. ನಾನು ಎಣಿಕೆ ಹಿಡಿದದ್ದು ಅಂದಿನಿಂದ. ಮುಂಚೆ ಎಷ್ಟು ಸಲ ಕರೆಯುತ್ತಿದ್ದರೆಂದು ಬರೆದಿಟ್ಟಿಲ್ಲ. ಬರೆಯುವಷ್ಟು ಸಲ ಕರೆದದ್ದೇ ಇಲ್ಲ. ಮರುದಿನ, ಮೇ 13ಕ್ಕೆ, ಹನ್ನೊಂದು.

ತಪ್ಪು ಎಲ್ಲಿದೆಯೆಂದು ಮೇ 14ರಂದು ಗೊತ್ತಾಯಿತು. ನಾನು ಬೋಲ್ಟಿನ ಕಾಂಡದ ದಪ್ಪ ಅಳೆದು ಆರು, ಎಂಟು, ಹತ್ತು ಎಂದು ಚೀಟಿ ಮಾಡಿಸಿದ್ದೆ. ಕೆಲಸದವರ ಲೆಕ್ಕ ಬೇರೆ. ಬೋಲ್ಟಿನ ತಲೆಗೆ ಎಷ್ಟರ ಸ್ಪ್ಯಾನರ್ ಕೂರುತ್ತದೋ ಅದೇ ಅದರ ನಂಬರು. ನನ್ನ ಆರು ಅವರ ಹತ್ತು, ನನ್ನ ಎಂಟು ಅವರ ಹದಿಮೂರು, ನನ್ನ ಹತ್ತು ಅವರ ಹದಿನೇಳು. ಅಂದು ಸಂಜೆಯೇ ಚೀಟಿ ಕಿತ್ತು ಸ್ಪ್ಯಾನರಿನ ನಂಬರನ್ನು ದಪ್ಪಕ್ಷರದಲ್ಲಿ ಬರೆದು ಅಂಟಿಸಿದೆ.

ಫಲ ಕೂಡಲೇ ಕಂಡಿತು. ಮೇ 15ಕ್ಕೆ ಆರು ಕೂಗು. 16ಕ್ಕೆ ನಾಲ್ಕು. 17ಕ್ಕೆ ಎರಡು. 18ಕ್ಕೆ ಸೊನ್ನೆ. 19, 20, 21, ಎಲ್ಲ ಸೊನ್ನೆ. ನಾನು ಎಂಟೂವರೆಯ ಬಸ್ಸಿಗೆ ಹೊರಡುವಾಗ ದೊಡ್ಡಪ್ಪ ಜಗಲಿಯಲ್ಲಿ ಪೇಪರು ಹಿಡಿದು ಕೂತಿರುತ್ತಿದ್ದರು. ಕೆಲಸ ಬೇಗ ಮುಗಿಯುತ್ತಿದೆ ಎಂದುಕೊಂಡೆ. ಮೇ 24ರ ಪುಟದಲ್ಲಿ ‘ಯಶಸ್ವಿ’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೇನೆ. ಅಳಿಸಿಲ್ಲ.

ಜೂನ್ 1, ಭಾನುವಾರ. ಆಚೆಮನೆಯ ಅಕ್ಕ ತನ್ನ ಹುಲ್ಲು ಹೊಡೆಯುವ ಮಿಷನ್ನು ಕೇಳಿಕೊಂಡು ಬಂದಳು. ಕೊಟ್ಟು ಹದಿನೆಂಟು ದಿನವಾಗಿತ್ತಂತೆ.

“ಅದನ್ನ ತೀರ್ಥಳ್ಳಿಗೆ ತಗಂಡೋಗಿ ತೋರ್ಸು,” ಎಂದರು ದೊಡ್ಡಪ್ಪ. “ನಂಗೆ ಪುರ್ಸೊತ್ತಾಗ್ತಿಲ್ಲ.”

“ಪುರ್ಸೊತ್ತಿಲ್ದೆ ಎಂತ ಮಾಡ್ತಿದೀರಣ್ಣ? ಜಗ್ಲಿ ಎಲ್ಲಾದ್ರೂ ಓಡಿ ಹೋಗ್ತದೆ ಅಂತ ಕಾಯ್ತಿದೀರಾ?”

ಅವರು ನಗಲಿಲ್ಲ. ಅಕ್ಕ ಮಿಷನ್ನನ್ನು ಹೆಗಲಿಗೇರಿಸಿಕೊಂಡು ಹೋದಳು. ಈ ಮನೆಯಿಂದ ಮಿಷನ್ನು ರಿಪೇರಿಯಾಗದೆ ವಾಪಸು ಹೋದದ್ದನ್ನು ನಾನು ನೋಡಿದ್ದು ಅದೇ ಮೊದಲು.

ನನಗೆ ಕೂರಲಾಗಲಿಲ್ಲ. ಶೆಡ್ಡಿಗೆ ಹೋಗಿ ಪೆಟ್ಟಿಗೆಗಳನ್ನು ಒಂದೊಂದಾಗಿ ಎಣಿಸಿದೆ. ಹತ್ತು ನಂಬರಿನ ಪೆಟ್ಟಿಗೆಯಲ್ಲಿ ಹದಿಮೂರು ನಂಬರಿನವು ಐದು ಸಿಕ್ಕವು. ಹದಿನೇಳರ ಪೆಟ್ಟಿಗೆಯಲ್ಲಿ ಗೇಟಿನ ಸ್ಕ್ರೂ ಎಂಟು. ವಾಷರು ಏಳು ಪೆಟ್ಟಿಗೆಗಳಲ್ಲಿ ಹರಡಿಹೋಗಿದ್ದವು. ಬೋಲ್ಟನ್ನು ಹೆಬ್ಬೆರಳಲ್ಲಿ ಒಮ್ಮೆ ಉಜ್ಜಿ ನಂಬರು ಹೇಳುವ ಮನುಷ್ಯ ಬೋಲ್ಟು ಗುರುತಿಸುವುದರಲ್ಲಿ ತಪ್ಪುವುದು ಸಾಧ್ಯವಿರಲಿಲ್ಲ. ಅವರು ತಪ್ಪಿದ್ದು ಪೆಟ್ಟಿಗೆಯನ್ನು. ಚೀಟಿ ದಪ್ಪಕ್ಷರದಲ್ಲಿತ್ತು, ಬಾಗಿಲಿಂದ ನಿಂತು ನಾನು ಓದಬಲ್ಲೆ.

ಒಳಗೆ ಹೋಗಿ, ದೊಡ್ಡಪ್ಪನಿಗೆ ಕಣ್ಣು ಸರಿಯಾಗಿ ಕಾಣುತ್ತದೆಯೇ ಎಂದು ದೊಡ್ಡಮ್ಮನನ್ನು ಕೇಳಿದೆ. ಅವರು ಹಲಸಿನ ಬೀಜ ಸುಲಿಯುತ್ತಿದ್ದರು, ತಲೆ ಎತ್ತಲಿಲ್ಲ.

“ಟಿವಿ ಮುಂದೆ ಕೂತ್ಕಂಡು ಸ್ಕೋರು ಎಷ್ಟಾತು ಅಂತ ನನ್ನತ್ರ ಯಾಕೆ ಕೇಳ್ತಾರೆ ಅಂದ್ಕಂಡಿದೀಯೆ? ನಂಗೆ ಕ್ರಿಕೆಟ್ ಬತ್ತದೆ ಅಂತನಾ?”

“ಮತ್ತೆ ಶೆಡ್ಡಲ್ಲಿ ಕೆಲ್ಸ ಹೆಂಗೆ ಮಾಡ್ತಿದ್ರು?”

“ಡಬ್ಬ ಇತ್ತಲ್ಲ. ಮುಟ್ಟಿದ್ರೆ ಗೊತ್ತಾಗ್ತಿತ್ತು, ಅಲ್ಲಾಡ್ಸಿದ್ರೆ ಗೊತ್ತಾಗ್ತಿತ್ತು.”

“ನೀವು ನಂಗೆ ಹೇಳ್ಬಹುದಿತ್ತು ದೊಡ್ಡಮ್ಮ.”

“ಅವ್ರೇ ನಂಗೆ ಹೇಳಿಲ್ಲ, ನಾನು ನಿಂಗೆ ಎಂತ ಹೇಳ್ಲಿ?”

ಆಮೇಲಿನ ಎರಡು ವಾರ ಕಾಲು ಒಂದು ಕಡೆ ನಿಲ್ಲಲಿಲ್ಲ. ಅಂಗಡಿಯಲ್ಲಿ ಒಂದೇ ಮಾತ್ರೆಯನ್ನು ಮೂರು ಸಲ ಎಣಿಸಿ ಮೂರು ಬೇರೆ ಲೆಕ್ಕ ಬರೆದೆ. ಸೊನ್ನೆಗಳಿದ್ದ ಪುಟವನ್ನು ಮತ್ತೆ ಮತ್ತೆ ತೆಗೆದು ನೋಡುತ್ತಿದ್ದೆ. ಕರೆಯುವುದು ನಿಂತದ್ದು ಪೆಟ್ಟಿಗೆ ಸಿಕ್ಕಿದ್ದಕ್ಕಲ್ಲ, ಹುಡುಕುವುದನ್ನು ಬಿಟ್ಟಿದ್ದಕ್ಕೆ. ನಾನು ಆ ಸೊನ್ನೆಗಳ ಕೆಳಗೆ ಗೆರೆ ಎಳೆದಿದ್ದೆ.

ಗುಜರಿಯವನನ್ನು ಬಸ್‌ಸ್ಟ್ಯಾಂಡಿನ ಹತ್ತಿರ ಹಿಡಿದೆ. “ಖಾಲಿ ಡಬ್ಬನಾ? ಅವು ಸಾಗರದ ಗೋಡೌನಿಗೆ ಹೋದ್ವಲ್ಲಮ್ಮ,” ಎಂದ. “ಒಳ್ಳೆ ಮೊರ ಕೊಟ್ಟಿದ್ನಲ್ಲ, ಅದಕ್ಕೆ ಎಂತ ಆತು?”

ಜೂನ್ 8, ಸಾಗರ. ತಗಡಿನ ರಾಶಿಯನ್ನು ಎರಡು ತಾಸು ಕೆದಕಿ ಎಂಟು ಡಬ್ಬ ತೆಗೆದೆ. ಎರಡು ಚಪ್ಪಟೆಯಾಗಿದ್ದವು, ಅಪ್ಪನ ಕೈಯಲ್ಲಿ ತಟ್ಟಿಸಿದೆ. ಗೋಡೌನಿನವರು ಉಳಿದದ್ದು ತೀರ್ಥಹಳ್ಳಿಯ ಲೋಡಿಗೆ ಸೇರಿರಬಹುದು ಎಂದರು. ಜೂನ್ 15, ತೀರ್ಥಹಳ್ಳಿ. ನಾಲ್ಕು ಸಿಕ್ಕವು. ಅದರಲ್ಲಿ ಪೇಂಟಿನ ಡಬ್ಬದಲ್ಲಿ ಗುಜರಿ ಅಂಗಡಿಯ ಹೆಂಗಸು ಬಸಳೆ ನೆಟ್ಟಿದ್ದಳು. ಸಸಿಗೆ ಬೇರೆ ಡಬ್ಬ ಕೊಟ್ಟು ಬಿಡಿಸಿಕೊಂಡೆ. ಹಿತ್ತಿಲಿನ ನಾಲ್ಕೂ ಸೇರಿದರೆ ಹದಿನಾರು. ಹಾಲಿನ ಪುಡಿಯ ಡಬ್ಬ ಇಲ್ಲ. ಹತ್ತು ನಂಬರಿನದು ಅದು, ದಿನಕ್ಕೆ ಹತ್ತು ಸಲ ಕೈ ಹೋಗುವಂಥದ್ದು.

ಅಂದು ಸಂಜೆ ಬೋಲ್ಟುಗಳನ್ನು ಡಬ್ಬಗಳಿಗೆ ತುಂಬುತ್ತಿದ್ದಾಗ ದೊಡ್ಡಪ್ಪ ಶೆಡ್ಡಿನ ಬಾಗಿಲಿಗೆ ಬಂದು ನಿಂತರು. ಸದ್ದು ಕೇಳಿಸಿರಬೇಕು. ಒಳಗೆ ಬಂದು ಬಿಸ್ಕೆಟ್ ಡಬ್ಬವನ್ನು ಬೆರಳ ಗೆಣ್ಣಿನಿಂದ ಕುಟ್ಟಿದರು.

“ಇದ್ರ ಮುಚ್ಚಳ ಬೇರೇದು.”

“ಹ್ಞೂಂ, ಅದು ಸಿಕ್ಲಿಲ್ಲ.”

“ಅಡ್ಡಿಲ್ಲ.” ಪಕ್ಕದ್ದನ್ನು ಅಲ್ಲಾಡಿಸಿದರು. “ಇದು ಕೆಳಗಿನ ಸಾಲಿಂದು, ಬಾಗ್ಲ ಕಡೆಗೆ.” ಹಾಗೆ ಹದಿನೈದನ್ನು ಅವರೇ ಜಾಗಕ್ಕೆ ಸೇರಿಸಿದರು. ಹದಿನಾರನೆಯದು ಗೆರಟೆ. ಅದರಲ್ಲಿ ದೊಡ್ಡಮ್ಮ ಮಣ್ಣು ತುಂಬಿ ಮೆಣಸಿನ ಬೀಜ ಹಾಕಿದ್ದರು. “ಇದ್ರಲ್ಲಿ ವಾಷರ್ ಮೊಳಕೆ ಬಂದಿದಾವೆ,” ಎಂದರು.

ಕೊನೆಗೆ ಕೈ ನಡುವಿನ ಸಾಲಿನ ಖಾಲಿ ಜಾಗಕ್ಕೆ ಹೋಗಿ ನಿಂತಿತು.

ನಾನು ಧೈರ್ಯ ಮಾಡಿ ಹೇಳಿಬಿಟ್ಟೆ. “ದೊಡ್ಡಪ್ಪ, ಶಿವಮೊಗ್ಗಕ್ಕೆ ಹೋಗಿ ಒಂದ್ಸಲ ಕಣ್ಣು ತೋರ್ಸಾಣ.”

ಅವರು ಖಾಲಿ ಜಾಗದ ಧೂಳನ್ನು ಅಂಗೈಯಲ್ಲಿ ಒರೆಸಿದರು.

“ಮೊದ್ಲು ಡಬ್ಬ ತೋರ್ಸು,” ಎಂದರು. “ಅದು ಸಿಕ್ಲಿ, ಹೋಗಾಣ.”

ತಮಾಷೆ ಎಂದುಕೊಂಡೆ. ಅಲ್ಲ. ಅದೇ ಕಂಪನಿಯ, ಅದೇ ಅಳತೆಯ ಡಬ್ಬ ತಂದು ಬೋಲ್ಟು ತುಂಬಿ ಅದೇ ಜಾಗದಲ್ಲಿಟ್ಟೆ. ಒಮ್ಮೆ ಕುಟ್ಟಿ, “ಇದು ಹೊಸ್ದು,” ಎಂದು ಪಕ್ಕಕ್ಕೆ ಸರಿಸಿದರು. ದೊಡ್ಡಮ್ಮ ರೇಗಿದರು. “ಕಳ್ದೋಳು ಅವ್ಳು, ಮಾತು ಕೊಟ್ಟೋನು ನಾನು. ಮಧ್ಯ ನೀನು ಯಾರೆ?” ಎಂದು ದೊಡ್ಡಪ್ಪ ಅವರ ಬಾಯಿ ಮುಚ್ಚಿಸಿದರು.

ಇಂದು ಜುಲೈ 6. ಜೂನ್ 16ರಿಂದ ಇಲ್ಲಿಯವರೆಗೆ ಐದು ಮಿಷನ್ನು ರಿಪೇರಿಯಾಗಿವೆ. ಆಚೆಮನೆಯ ಅಕ್ಕ ತನ್ನದನ್ನು ತೀರ್ಥಹಳ್ಳಿಗೆ ಒಯ್ಯದೆ ಮನೆಯಲ್ಲೇ ಇಟ್ಟುಕೊಂಡಿದ್ದಳು, ಅದೂ ಸೇರಿ. ಬೆಳಗಿನ ಕೂಗು ದಿನಕ್ಕೆ ಒಂದೋ ಎರಡೋ, ಎಲ್ಲವೂ ಹತ್ತು ನಂಬರಿಗೆ. ನಾನು ಓಡಿಹೋಗಿ ಕೊಡುತ್ತೇನೆ. ಕೊಡುವಾಗ ಅವರ ಕಣ್ಣು ನೋಡುತ್ತೇನೆ, ಅದು ನನ್ನ ಕೈಯ ಬಲಕ್ಕೆ ಎಲ್ಲೋ ಇರುತ್ತದೆ. ನಿನ್ನೆಗಿಂತ ಇಂದು ಇನ್ನಷ್ಟು ಬಲಕ್ಕಿತ್ತೇ? ಅದನ್ನು ಅಳೆಯುವುದು ಹೇಗೆಂದು ನನಗೆ ಗೊತ್ತಿಲ್ಲ. ಕಣ್ಣಿನ ವಿಷಯದಲ್ಲಿ ತಡ ಮಾಡಬಾರದೆಂದು ಮಾತ್ರ ಗೊತ್ತು. ಅಂಗಡಿಗೆ ಬರುವವರಿಗೆ ನಾನೇ ದಿನವೂ ಅದನ್ನು ಹೇಳುತ್ತೇನೆ.

ಆದ್ದರಿಂದ ಡಬ್ಬದ ಗುರುತು ಬರೆಯುತ್ತಿದ್ದೇನೆ. ಒಂದು ಕಿಲೋ ಹಿಡಿಯುವ ಗುಂಡು ಡಬ್ಬ, ಬಣ್ಣ ಪೂರ್ತಿ ಹೋಗಿದೆ. ಕೆಳಗಿನ ಅಂಚಿನಲ್ಲಿ ಒಂದೇ ಬದಿಗೆ ಮೂರು ತಗ್ಗು. ಮುಚ್ಚಳದ ನಡುವೆ ಬೆಸುಗೆ ಹಾಕಿದ ಒಂದು ಹತ್ತು ನಂಬರ್ ನಟ್ಟು, ಹಿಡಿದೆತ್ತಲು. ಮೇ 11ರ ನಂತರ ಸಾಗರ, ಹೊಸನಗರ, ತೀರ್ಥಹಳ್ಳಿಯ ಯಾವುದೇ ಗುಜರಿಯಲ್ಲಿ, ಅಡುಗೆಮನೆಯಲ್ಲಿ, ಬಸಳೆಯ ಬುಡದಲ್ಲಿ ಇದನ್ನು ಕಂಡವರಿದ್ದರೆ ಈ ಪತ್ರಿಕೆಯ ವಿಳಾಸಕ್ಕೆ ಒಂದು ಸಾಲು ಬರೆಯಿರಿ. ಎಲ್ಲಿದ್ದರೂ ಬಂದು ಒಯ್ಯುತ್ತೇನೆ, ಬದಲಿಗೆ ಹೊಸ ಡಬ್ಬ ಕೊಡುತ್ತೇನೆ. ಡಬ್ಬ ಕಾಣದಿದ್ದರೂ, ಹಟದ ಹಿರಿಯರನ್ನು ಕಣ್ಣಿನ ಡಾಕ್ಟರ ಹತ್ತಿರ ಹೊರಡಿಸಿದ ಉಪಾಯ ಯಾರಿಗಾದರೂ ಗೊತ್ತಿದ್ದರೆ ಅದನ್ನಾದರೂ ಬರೆಯಿರಿ.