ಬೂಟು ಕಚ್ಚಿದರೆ ಹೇಳುವ ಕಾಲು

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಸೇನೆಯ ಉಡುಪು ಪರೀಕ್ಷಾ ಕೇಂದ್ರದ ಹಿಂಬದಿಯ ಅಂಗಳದಲ್ಲಿ, ಐವತ್ತು ದಾಟಿದ ಒಬ್ಬರು ಬೆಂಚಿನ ತುದಿಗೆ ಕೂತು ಬೂಟಿನ ಲೇಸು ಕಟ್ಟುತ್ತಿದ್ದಾರೆ. ಕಟ್ಟುತ್ತಾರೆ, ಎದ್ದು ಕಾಲು ಊರಿ ನೋಡುತ್ತಾರೆ, ಮತ್ತೆ ಕೂತು ಬಿಚ್ಚಿ ಕಟ್ಟುತ್ತಾರೆ. ಹಸೆಮಣೆ ಏರಲು ಹೊರಟ ಗಂಡು ಕೂಡ ಇಷ್ಟು ಹೊತ್ತು ತೆಗೆದುಕೊಳ್ಳಲಿಕ್ಕಿಲ್ಲ. "ಜಾಸ್ತಿ ಬಿಗಿದುಬಿಟ್ರೆ ತಪ್ಪು ಬೂಟಿಂದೋ ನಂದೋ ಗೊತ್ತಾಗಲ್ಲ ನೋಡಿ" ಎನ್ನುತ್ತಾ ಕೊನೆಗೂ ಎದ್ದವರು, ಮರಳು ತುಂಬಿದ ಚೀಲವನ್ನು ಬೆನ್ನಿಗೇರಿಸಿಕೊಂಡು ಹೆಜ್ಜೆ ಹಾಕುತ್ತಾರೆ.

ಅವರು ನಡೆಯುವ ದಾರಿ ಎಲ್ಲಿಗೂ ಹೋಗುವುದಿಲ್ಲ. ಅಂಗಳದ ಸುತ್ತ ಒಂದಿಷ್ಟು ದೂರ ಜಲ್ಲಿ, ಆಮೇಲೆ ಮರಳು, ಆಮೇಲೆ ಬೇಕೆಂದೇ ನೀರು ಬಿಟ್ಟು ಕೆಸರು ಮಾಡಿದ ನೆಲ, ಒಂದು ಕಡೆ ಹತ್ತಿ ಇನ್ನೊಂದು ಕಡೆ ಇಳಿಯುವುದಕ್ಕಷ್ಟೇ ಕಟ್ಟಿದ ಕಲ್ಲಿನ ಮೆಟ್ಟಿಲು. ಅದು ಮುಗಿದರೆ ಮತ್ತೆ ಜಲ್ಲಿ. ದಿನಕ್ಕೆ ಇಪ್ಪತ್ತು ಕಿಲೋಮೀಟರ್, ಒಂದು ಜೋಡಿಗೆ ಆರು ದಿನ. ಸರ್ಕಾರ ಸೈನಿಕರಿಗೆಂದು ಕೊಳ್ಳುವ ಪ್ರತಿ ಲಾಟಿನಿಂದ, ಅಂದರೆ ಒಮ್ಮೆಗೆ ಬರುವ ರಾಶಿಯಿಂದ, ಒಂದು ಜೋಡಿ ಬೂಟು ಸೈನಿಕರ ಕಾಲಿಗಿಂತ ಮೊದಲು ಇವರ ಕಾಲಿಗೆ ಬರುತ್ತದೆ.

ಕಚೇರಿಯ ಕಾಗದದಲ್ಲಿ ಈ ಹುದ್ದೆಯ ಹೆಸರು 'ಪಾದರಕ್ಷೆ ಧಾರಣಾ ಪರೀಕ್ಷಾ ಸಹಾಯಕ'. ಅಷ್ಟನ್ನು ಹೇಳಿ ಮುಗಿಸುವುದರೊಳಗೆ ಅವರು ಅರ್ಧ ಸುತ್ತು ಹಾಕಿರುತ್ತಾರೆ. ಕೇಂದ್ರದಲ್ಲಿ ಎಲ್ಲರ ಬಾಯಲ್ಲೂ ಅವರು ಬೂಟಣ್ಣ. ಮೊದಲು ಅವರು ಇದೇ ಅಂಗಳದ ಕಸ ಗುಡಿಸುತ್ತಿದ್ದರಂತೆ. ಒಂದು ದಿನ ನಡೆಯುವವರೊಬ್ಬರು ಜ್ವರ ಬಂದು ರಜೆ ಹಾಕಿದರು. ಪರೀಕ್ಷೆಗೆ ಎಂಟನೇ ನಂಬರಿನ ಕಾಲು ಬೇಕಿತ್ತು, ಗುಡಿಸುವವರ ಕಾಲು ಎಂಟನೇ ನಂಬರು. "ಓದಿ ಕೆಲಸ ತಗೊಂಡೋರು ಇದ್ದಾರೆ, ವಶೀಲಿ ಹಚ್ಚಿ ತಗೊಂಡೋರೂ ಇದ್ದಾರೆ. ನನಗೆ ಕೆಲಸ ಕೊಡಿಸಿದ್ದು ನನ್ನ ಪಾದ" ಎಂದು ನಗುತ್ತಾರೆ.

ಹೆಣ್ಣು ಕೇಳಲು ಹೋದಾಗಿನ ಕತೆಯನ್ನು ಅವರ ಹೆಂಡತಿಯ ಬಾಯಲ್ಲೇ ಕೇಳಬೇಕು. "ನಮ್ಮ ಸೋದರಮಾವ ಕೇಳಿದ್ರು, ಹುಡುಗ ಏನು ಕೆಲಸ ಮಾಡ್ತಾನೆ ಅಂತ. ನಡೀತಾನೆ ಅಂದ್ರು. ಎಲ್ಲಿಗೆ ಅಂತ ಕೇಳಿದ್ರೆ, ಎಲ್ಲಿಗೂ ಇಲ್ಲ, ಅಲ್ಲೇ ಸುತ್ತ ಅಂದ್ರು. ನಮ್ಮ ಮಾವ ಎದ್ದು ಹೊರಟೇಬಿಟ್ಟಿದ್ರು. ನಾನೇ ಒಳಗಿಂದ ನಕ್ಕೆ, ಅದು ಇವರಿಗೆ ಕೇಳಿಸ್ತು."

ಬೂಟು ಪರೀಕ್ಷಿಸಲು ಕೇಂದ್ರದಲ್ಲಿ ಯಂತ್ರಗಳೂ ಇವೆ. ಒಂದು ಬೂಟನ್ನು ಬಗ್ಗಿಸುತ್ತದೆ, ಇನ್ನೊಂದು ಅಡಿಯ ಅಟ್ಟೆಯನ್ನು ಎಳೆಯುತ್ತದೆ, ಮತ್ತೊಂದು ಇಡೀ ದಿನ ನೀರಲ್ಲಿ ನೆನೆಸುತ್ತದೆ. ಆದರೆ ಒಳಗಿನ ಹೊಲಿಗೆ ಹಿಮ್ಮಡಿಗೆ ಎಲ್ಲಿ ತಾಗುತ್ತದೆ ಎಂದು ಯಂತ್ರ ಹೇಳುವುದಿಲ್ಲ, ಅದಕ್ಕೆ ಮನುಷ್ಯನೇ ಆಗಬೇಕು. ಆರನೇ ದಿನ ಅಧಿಕಾರಿ ಕೇಳುವುದು ಒಂದೇ ಮಾತು: "ಕಚ್ತಾ?" ಇಲ್ಲ ಎಂದರೆ ಇಡೀ ಲಾಟು ಗಡಿಗೆ ಹೋಗುತ್ತದೆ, ಹೌದು ಎಂದರೆ ಮಾರಿದವರ ಗೋದಾಮಿಗೆ ವಾಪಸು.

ಇಂಥ ಕೆಲಸದಲ್ಲಿ ಬೂಟಣ್ಣ ಒಮ್ಮೆ ತಪ್ಪಿದರು. ಮೂರು ವರ್ಷದ ಹಿಂದೆ ಚಳಿಗಾಲದ ಬೂಟಿನ ಒಂದು ಲಾಟಿಗೆ "ಇಲ್ಲ" ಅಂದರು. ಆ ಬೂಟು ಹಾಕಿಕೊಂಡ ತುಕಡಿಯೊಂದನ್ನು ಕಾರ್ಯಾಚರಣೆಗೆಂದು ಹಿಮದ ಗುಡ್ಡಕ್ಕೆ ಕಳಿಸಿದರು. ಮೇಲಿನ ಠಾಣೆ ಮುಟ್ಟುವ ಮೊದಲೇ ಅರ್ಧಕ್ಕರ್ಧ ಜನರ ಹಿಮ್ಮಡಿ ಸುಲಿದು ಹೋಗಿತ್ತು. ಕುಂಟುತ್ತಲೇ ಮೂರು ದಿನ ಅಲ್ಲೇ ಕಳೆದರು. ಇಪ್ಪತ್ತೆರಡರ ಹುಡುಗ ಸೈನಿಕನೊಬ್ಬನ ಗಾಯಕ್ಕೆ ಹಿಮ ಸೇರಿ, ಕೊನೆಗೆ ಆಸ್ಪತ್ರೆಯಲ್ಲಿ ಅರ್ಧ ಪಾದವನ್ನೇ ತೆಗೆಯಬೇಕಾಯಿತು.

ಸುದ್ದಿ ಪತ್ರಿಕೆಗಳಿಗೆ ಬಂತು, ಗದ್ದಲ ಎದ್ದಿತು, ಸದನ ಸಮಿತಿ ವಿಚಾರಣೆಗೆ ಕೂತಿತು. ಇಂಥ ಬೂಟನ್ನು ಕೊಂಡವರು ಯಾರು, ಒಪ್ಪಿದವರು ಯಾರು ಎಂಬುದು ಪ್ರಶ್ನೆ. ಬೂಟಣ್ಣನ ಬಗ್ಗೆ ಬರೆಯಲೆಂದು ಆ ವಿಚಾರಣೆಯ ವರದಿಯನ್ನು ನಾನು ಮೊದಲಿಂದ ಕೊನೆಯವರೆಗೆ ಓದಿದ್ದೇನೆ, ಓದಿ ತಲೆ ಕೆಟ್ಟಿದೆ. ಮಾರಿದವರು, ಕೇಂದ್ರ ಪಾಸು ಮಾಡಿದೆಯಲ್ಲ ಅಂದರು. ಖರೀದಿ ವಿಭಾಗ, ಎಲ್ಲ ನಿಯಮದ ಪ್ರಕಾರವೇ ನಡೆದಿದೆ ಅಂದಿತು. ಗೋದಾಮಿನವರು ಬಂದದ್ದನ್ನು ಕಳಿಸಿದೆವು ಅಂದರು. ಸೂಟು ಹಾಕಿದವರು, ಸಮವಸ್ತ್ರ ಹಾಕಿದವರು ಒಬ್ಬರ ಹಿಂದೊಬ್ಬರು ಬಂದು ಕೈ ತೊಳೆದುಕೊಂಡು ಹೋದರು. ತಪ್ಪಾಯಿತು ಎಂಬ ಒಂದು ಮಾತು ಅಷ್ಟೂ ಜನರಲ್ಲಿ ಒಬ್ಬರ ಬಾಯಿಂದಲೂ ಬರಲಿಲ್ಲ.

ಆ ದಿನಗಳಲ್ಲಿ ಬೂಟಣ್ಣನೂ ಅದೇ ರಾಗ ಹಾಡುತ್ತಿದ್ದರು, ಅದನ್ನು ಅವರು ಮುಚ್ಚಿಡುವುದಿಲ್ಲ. "ಮನೇಲಿ ಇವಳ ಹತ್ರ ದಿನಾ ವಾದ. ನನ್ನ ಕಾಲಿಗೆ ಕಚ್ಚಿಲ್ಲ, ಅವರೇ ಕಾಲುಚೀಲ ಸರಿಯಾಗಿ ಹಾಕಿರಲ್ಲ ಅಂತಿದ್ದೆ."

ವಾದ ನಿಂತದ್ದು ಅಡುಗೆಮನೆಯಲ್ಲಿ. ಒಂದು ಸಂಜೆ ಹೆಂಡತಿಯ ಕೈಜಾರಿ ಗಾಜಿನ ಲೋಟ ಒಡೆಯಿತು. ಬೂಟಣ್ಣ ಪೊರಕೆ ತಂದು ಗುಡಿಸಿದರು, ಚೂರುಗಳನ್ನು ಹೊರಗೆ ಹಾಕಿ ಬಂದರು, ಬರಿಗಾಲಲ್ಲೇ ಮನೆಯೆಲ್ಲ ಓಡಾಡಿದರು. ಸ್ವಲ್ಪ ಹೊತ್ತಿಗೆ ಹೆಂಡತಿ ನೋಡುತ್ತಾರೆ, ನಡುಮನೆಯಿಂದ ಬಚ್ಚಲವರೆಗೆ ನೆಲದ ಮೇಲೆ ಕೆಂಪು ಕಲೆಗಳು.

"ರೀ, ಕಾಲು ನೋಡ್ಕೊಳ್ಳಿ ಅಂದೆ. ಯಾಕೆ ಅಂದ್ರು. ಎತ್ತಿ ನೋಡಿದ್ರೆ ಹಿಮ್ಮಡಿಯಲ್ಲಿ ಇಷ್ಟುದ್ದ ಗಾಜು" ಎಂದು ಆಕೆ ತಮ್ಮ ಕಿರುಬೆರಳಿನ ಅರ್ಧವನ್ನು ತೋರಿಸುತ್ತಾರೆ. "ನಾನು ಅತ್ತುಬಿಟ್ಟೆ, ಇವರು ಅಳಲಿಲ್ಲ. ಗಾಜನ್ನ ಕಿತ್ತು ಬೆಳಕಿಗೆ ಹಿಡಿದು ನೋಡಿದ್ರು. ಆಮೇಲೆ ಮೆಲ್ಲಗೆ ಅಂದ್ರು, ಹಾಗಾದ್ರೆ ಆ ಬೂಟು ಕಚ್ಚಿತ್ತು ಕಣೇ ಅಂತ."

ಇಪ್ಪತ್ತನಾಲ್ಕು ವರ್ಷ ಕೆಟ್ಟ ಬೂಟು, ಒಳ್ಳೆ ಬೂಟು ಎಲ್ಲವನ್ನೂ ಹಾಕಿಕೊಂಡು ನಡೆದ ಕಾಲು ಅದು. ಅಂಗಾಲು, ಹಿಮ್ಮಡಿ, ಬೆರಳಿನ ಬದಿಗಳೆಲ್ಲ ಜಡ್ಡುಗಟ್ಟಿ ದಪ್ಪಗಾಗಿದ್ದವು. ನೋವು ಹೇಳುವುದೇ ಯಾವ ಕಾಲಿನ ಕೆಲಸವೋ ಆ ಕಾಲಿಗೆ ನೋವೇ ತಿಳಿಯುತ್ತಿರಲಿಲ್ಲ. ಎಂದಿನಿಂದ ಹೀಗಾಯಿತು ಎಂದು ಅವರಿಗೂ ಗೊತ್ತಿಲ್ಲ, ಏಕೆಂದರೆ ನೋವು ಹೋಗುವಾಗ ಹೇಳಿ ಹೋಗಿರಲಿಲ್ಲ.

ಮರುದಿನವೇ ಹಿಮ್ಮಡಿಗೆ ಪಟ್ಟಿ ಕಟ್ಟಿಕೊಂಡು ಹೋಗಿ ಕೇಂದ್ರದ ಅಂದಿನ ಮುಖ್ಯಸ್ಥರ ಮುಂದೆ ನಿಂತು, ಸಮಿತಿಯ ಮುಂದೆ ಮಾತಾಡಬೇಕು ಅಂದರಂತೆ. ಸಾಹೇಬರಿಗೆ ದಿಗಿಲಾಯಿತು. "ಸುಮ್ನಿರಪ್ಪ, ನಿನ್ನ ಹೆಸರು ಎಲ್ಲೂ ಬಂದಿಲ್ಲ" ಅಂದರು. ಬೂಟಣ್ಣ ಹೇಳಿದ್ದು ಇಷ್ಟೇ: "ಬರಬೇಕಿತ್ತಲ್ಲ ಸಾರ್."

ಸಮಿತಿಯ ಕೋಣೆಯಲ್ಲಿ ಅವರು ಕಾಗದದ ಪೊಟ್ಟಣ ಬಿಚ್ಚಿ ಗಾಜಿನ ಚೂರನ್ನು ಮೇಜಿನ ಮೇಲಿಟ್ಟರು. "ಅಮ್ಮಾ, ಇದು ನನ್ನ ಕಾಲೊಳಗೆ ಇತ್ತು, ನನಗೆ ಗೊತ್ತಾಗಲಿಲ್ಲ. ಬೂಟು ಕಚ್ಚಲ್ಲ ಅಂದೋನು ನಾನೇ" ಅಂದರು. ಸಮಿತಿಯ ಅಧ್ಯಕ್ಷೆ ಚೂರನ್ನು ಕೈಗೆತ್ತಿಕೊಂಡು ನೋಡಿದರು. ಆಮೇಲೆ ಅಧಿಕಾರಿಗಳ ಕಡೆ ತಿರುಗಿ, ಇಷ್ಟು ವರ್ಷದಲ್ಲಿ ಇವರ ಕಾಲನ್ನು ಯಾರಾದರೂ ಒಮ್ಮೆ ನೋಡಿದ್ದೀರಾ ಎಂದು ಕೇಳಿದರು.

ಕೆದಕಿದಂತೆ ಒಂದೊಂದೇ ಹೊರಬಿತ್ತು. ನಿಯಮದ ಪ್ರಕಾರ ಪ್ರತಿ ಲಾಟನ್ನು ಮೂವರು ಬೇರೆ ಬೇರೆಯಾಗಿ ನಡೆದು ನೋಡಬೇಕು. ಉಳಿತಾಯದ ಹೆಸರಲ್ಲಿ ಎರಡು ಹುದ್ದೆಗಳನ್ನು ವರ್ಷಗಟ್ಟಲೆ ಖಾಲಿ ಬಿಟ್ಟಿದ್ದರು. ಇದ್ದ ಒಬ್ಬರ ಮಾತನ್ನೇ ಮೂವರ ಮಾತೆಂದು ಬರೆದುಕೊಂಡು ದೇಶದ ಸೇನೆಗೆ ಬೂಟು ಕೊಂಡಿದ್ದರು. ಹುದ್ದೆ ತುಂಬಬೇಡಿ ಎಂದು ಸಹಿ ಹಾಕಿದವರು ಸದನದಲ್ಲಿ ಎದ್ದು ನಿಂತು ಉತ್ತರ ಹೇಳಬೇಕಾಯಿತು. ಅದನ್ನು ಓದುವಾಗ ನನಗೆ ಸಂತೋಷವಾಯಿತು ಎಂದು ಬರೆಯಲು ನಾಚಿಕೆಯೇನಿಲ್ಲ.

ತಪ್ಪು ಒಬ್ಬ ನಡೆಯುವವನದಲ್ಲ ಎಂದು ವರದಿ ಸ್ಪಷ್ಟವಾಗಿ ಹೇಳಿದೆ. ಬೂಟಣ್ಣ ಒಪ್ಪುವುದಿಲ್ಲ. "ಮೂರು ಜನ ಇದ್ದಿದ್ರೆ ಸಿಕ್ಕಿಬೀಳ್ತಿತ್ತು, ನಿಜ. ಆದ್ರೆ ಕಚ್ಚಲ್ಲ ಅಂದಿದ್ದು ನನ್ನ ಬಾಯಿ ತಾನೆ?"

ಪಾದ ಕಳೆದುಕೊಂಡ ಆ ಹುಡುಗ ಸೈನಿಕನ ಮನೆಗೂ ಅವರು ಹೋಗಿ ಬಂದಿದ್ದಾರೆ. ಬಾಗಿಲು ತೆಗೆದ ತಾಯಿ ಯಾರು ಎಂದು ಕೇಳಿದರೆ, ಬೂಟು ಪಾಸು ಮಾಡಿದವನು ಎಂದರಂತೆ. ಆಕೆ ಒಳಗೆ ಕರೆದರು, ಕುರ್ಚಿ ತೋರಿಸಿದರು. ಹುಡುಗನೇ ಮೊದಲು ಮಾತಾಡಿದ: "ಇಲ್ಲಿವರೆಗೆ ಯಾರೂ ಬಂದಿರಲಿಲ್ಲ, ಅಂಕಲ್. ನೀವೊಬ್ರೇ ಬಂದಿದ್ದು." ಹೊರಡುವಾಗ ತಾಯಿ ಬಾಗಿಲವರೆಗೆ ಬಂದು, "ಇನ್ಮೇಲಾದ್ರೂ ಸರಿಯಾಗಿ ನೋಡಪ್ಪ" ಎಂದರು. ಈ ಮಾತು ಹೇಳುವಾಗ ಮಾತ್ರ ಬೂಟಣ್ಣ ನನ್ನ ಮುಖ ನೋಡುವುದಿಲ್ಲ.

ಈಗ ಖಾಲಿ ಹುದ್ದೆಗಳು ತುಂಬಿವೆ. ಒಬ್ಬರು ಹಿಂದೆ ಬಸ್ ಕಂಡಕ್ಟರ್ ಆಗಿದ್ದವರು, ಇನ್ನೊಬ್ಬಾಕೆ ಶಾಲೆಯಲ್ಲಿ ಆಟ ಕಲಿಸುತ್ತಿದ್ದವರು. ನಡೆಯುವವರ ಕಾಲನ್ನು ತಿಂಗಳಿಗೊಮ್ಮೆ ವೈದ್ಯರು ನೋಡುತ್ತಾರೆ. ಕಣ್ಣು ಮುಚ್ಚಿಸಿ ತೆಳ್ಳನೆಯ ದಾರದ ತುದಿಯನ್ನು ಅಂಗಾಲಿಗೆ ತಾಗಿಸಿ, ಎಲ್ಲಿ ತಾಗಿತು ಎಂದು ಕೇಳುತ್ತಾರೆ. ಬೂಟಣ್ಣ ಮೊದಲ ಸಲ ಸುಮ್ಮನೆ ಕೂತಿದ್ದರು, ತಾಗಿದ್ದೇ ತಿಳಿದಿರಲಿಲ್ಲ. ಕೇಂದ್ರದ ಗೋದಾಮಿನಲ್ಲಿ ಬೇರೆ ಕೆಲಸ ಕೊಡುತ್ತೇವೆ ಅಂದರೂ ಕೇಳದೆ, ಕಾಲನ್ನು ಸರಿಮಾಡಿಕೊಳ್ಳಲು ಒಂದು ಅವಕಾಶ ಕೇಳಿದರು. ಜಡ್ಡು ಕರಗಬಹುದು, ಸ್ಪರ್ಶ ಮರಳುತ್ತದೆಂದು ಮಾತ್ರ ಹೇಳಲಾರೆ ಎಂದರು ವೈದ್ಯರು.

ಅಲ್ಲಿಂದ ದಿನಾ ಸಂಜೆ ಬಿಸಿನೀರಿನ ಬಕೆಟ್ಟು, ಒರಟು ಕಲ್ಲು, ಎಣ್ಣೆ. ತಿಕ್ಕುವುದು ಹೆಂಡತಿ. "ಮದುವೆಯಾದಾಗಿಂದ ಒಂದು ದಿನ ಇವರ ಕಾಲು ಒತ್ತಿದೋಳಲ್ಲ ನಾನು. ಈಗ ಇದು ಸರ್ಕಾರದ ಕಾಲು ಅಂದ್ಕೊಂಡು ತಿಕ್ತೀನಿ. ಸಂಬಳ ಮಾತ್ರ ಇವರೊಬ್ಬರಿಗೇ" ಎನ್ನುತ್ತಾರೆ. ಬರಬರುತ್ತಾ ದಾರ ತಾಗಿದ್ದು ಮಂಕಾಗಿ ತಿಳಿಯತೊಡಗಿತು. ನಡೆಯಲು ಮತ್ತೆ ಅನುಮತಿ ಸಿಕ್ಕಿತು, ಒಂದೇ ಒಂದು ಲಾಟಿಗೆ. ಅದರಲ್ಲಿ ಉಳಿದಿಬ್ಬರ ಕಾಲಿಗೆ ತಿಳಿದದ್ದು ಇವರ ಕಾಲಿಗೆ ತಿಳಿಯದಿದ್ದರೆ ಗೋದಾಮೇ ಗತಿ.

ಆ ಲಾಟು ಇದೇ. ಅದೇ ಹಿಮದ ಠಾಣೆಗೆ ಹೋಗಬೇಕಾದ ಚಳಿಗಾಲದ ಬೂಟು. ಇಂದು ಆರನೇ ದಿನ, ಕೊನೆಯ ಸುತ್ತೂ ಮುಗಿದಿದೆ. ನಡೆಯುವ ಮೂವರೂ ಒಬ್ಬೊಬ್ಬರಾಗಿ ಒಳಗೆ ಹೋಗಿ ಹೇಳಬೇಕು, ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬೀಳಬಾರದು. ಇಂಥ ಹೊತ್ತಿನಲ್ಲಿ ಕಚ್ಚುತ್ತದೆ ಎಂದುಬಿಡುವುದೇ ಸುಲಭವಲ್ಲವೇ ಎಂದು ನಾನು ಕೇಳುತ್ತೇನೆ. ಹಾಗಂದವರನ್ನು ಯಾರೂ ಬಯ್ಯುವುದಿಲ್ಲವಲ್ಲ. ಬೂಟಣ್ಣ ಬೇಸರದಿಂದ ನೋಡುತ್ತಾರೆ. "ಕಚ್ಚದೇ ಇರೋದನ್ನ ಕಚ್ತು ಅಂದ್ರೆ ಒಳ್ಳೆ ಬೂಟು ವಾಪಸ್ ಹೋಗುತ್ತೆ, ಅಲ್ಲಿ ಹುಡುಗರು ಹಳೇದ್ರಲ್ಲೇ ಚಳೀಲಿ ಇರಬೇಕಾಗುತ್ತೆ. ಗೊತ್ತಾದ್ರೆ ಗೊತ್ತಾಯ್ತು ಅಂತೀನಿ, ಇಲ್ಲಾಂದ್ರೆ ಇಲ್ಲ."

ಕಂಡಕ್ಟರು ಒಳಗೆ ಹೋಗಿ ಬರುತ್ತಾರೆ, ಆಟದ ಟೀಚರೂ ಹೋಗಿ ಬರುತ್ತಾರೆ. ಇಬ್ಬರ ಮುಖದಲ್ಲೂ ಏನೂ ಗೊತ್ತಾಗುವುದಿಲ್ಲ. ಬೂಟು ಮಾರುವ ಕಂಪನಿಯವರೊಬ್ಬರು ಗೋಡೆಗೊರಗಿ ಮೊಬೈಲ್ ತಿರುಗಿಸುತ್ತಾ ನಿಂತಿದ್ದಾರೆ. ಕೊನೆಗೆ ಬೂಟಣ್ಣ ಒಳಗೆ ಹೋಗುತ್ತಾರೆ, ಅವರ ಹಿಂದೆ ನಾನೂ.

"ಕಚ್ತಾ?" ಎಂದು ಅಧಿಕಾರಿ ಕೇಳುತ್ತಾರೆ.

ಬೂಟಣ್ಣ ಕಣ್ಣು ಮುಚ್ಚಿಕೊಂಡು ನಿಲ್ಲುತ್ತಾರೆ. "ಎಡಗಾಲು, ಕಿರುಬೆರಳಿನ ಹೊರಗಡೆ" ಎಂದು ನಿಧಾನವಾಗಿ ಹೇಳುತ್ತಾರೆ. "ನಿನ್ನೆ ಮೆಟ್ಟಿಲು ಇಳಿಯೋವಾಗ ಸುಮ್ನೆ ಚುರುಕ್ ಅಂತು. ಇವತ್ತು ಬೆಳಗ್ಗೆಯಿಂದ ಜಾಸ್ತಿ ಆಗಿದೆ."

ಅಧಿಕಾರಿ ಉಳಿದಿಬ್ಬರ ಉತ್ತರ ಬರೆದ ಹಾಳೆಗಳನ್ನು ತಿರುಗಿಸಿ ತೋರಿಸುತ್ತಾರೆ. ಎರಡರಲ್ಲೂ ಅದೇ ಇದೆ, ಎಡಗಾಲಿನ ಕಿರುಬೆರಳು. ಲಾಟು ವಾಪಸು ಹೋಗುತ್ತದೆ. ಕಂಪನಿಯವರು ಮೊಬೈಲ್ ಕಿವಿಗಿಟ್ಟುಕೊಂಡು ಬಿರಬಿರನೆ ಗೇಟಿನ ಕಡೆ ನಡೆಯುತ್ತಾರೆ.

ಬೂಟಣ್ಣ ಮತ್ತೆ ಅದೇ ಬೆಂಚಿಗೆ ಬಂದು ಕೂರುತ್ತಾರೆ. ಬೂಟು ಬಿಚ್ಚಿ, ಕಾಲುಚೀಲವನ್ನು ಜೋಪಾನವಾಗಿ ಸುಲಿದು, ಪಾದವನ್ನು ತೊಡೆಯ ಮೇಲಿಟ್ಟುಕೊಳ್ಳುತ್ತಾರೆ. ಕಿರುಬೆರಳಿನ ಬದಿಯಲ್ಲಿ ನೀರು ತುಂಬಿದ ಸಣ್ಣ ಬೊಬ್ಬೆ, ಸುತ್ತಲೂ ಕೆಂಪು. ಫೋನ್ ತೆಗೆದು ಹೆಂಡತಿಗೆ ಹೇಳುತ್ತಾರೆ, "ಬೊಬ್ಬೆ ಬಂದಿದೆ ಕಣೇ." ಆ ಕಡೆಯಿಂದ ಬಂದ ಮಾತು ನನಗೆ ಕೇಳಿಸುವುದಿಲ್ಲ. ಇವರು ಮಾತ್ರ ಕಣ್ಣೊರೆಸಿಕೊಂಡು, "ಹೂಂ, ನೋಯ್ತಿದೆ, ಚೆನ್ನಾಗೇ ನೋಯ್ತಿದೆ" ಎನ್ನುತ್ತಿದ್ದಾರೆ.

ಆಟದ ಟೀಚರು ಔಷಧದ ಡಬ್ಬಿ ತಂದು, ಮುಲಾಮು ಹಚ್ಚಲು ಬಗ್ಗುತ್ತಾರೆ. ಬೂಟಣ್ಣ ಕಾಲನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಳ್ಳುತ್ತಾರೆ.

"ಆಮೇಲೆ ಹಚ್ಚಿ ಟೀಚರೇ. ಸ್ವಲ್ಪ ಹೊತ್ತು ಉರೀಲಿ ಬಿಡಿ."