ಪರಿಶೀಲನೆಯಲ್ಲಿದೆ

ಮಸ್ಕತ್ತಿನ ನಮ್ಮ ಸಗಟು ವ್ಯಾಪಾರದ ಕಂಪನಿಯಲ್ಲಿ ವರದಿಗಳನ್ನು ತಯಾರಿಸುವ ಸರ್ವರ್ ನನ್ನ ಸುಪರ್ದಿನಲ್ಲಿದೆ. ತಾನು ಮಾಡಿದ್ದನ್ನು ಅದು ಲಾಗ್ ಎಂಬ ಕಡತದಲ್ಲಿ ಬರೆದಿಡುತ್ತದೆ. ಎಷ್ಟು ಬರೆಯಬೇಕೆಂದು ಮಟ್ಟ ಗೊತ್ತುಮಾಡುವವಳು ನಾನು. ಸಾಮಾನ್ಯವಾಗಿ, ತಪ್ಪಾದರೆ ಮಾತ್ರ ಬಾಯಿಬಿಡು ಎಂದು ಇಟ್ಟಿರುತ್ತೇನೆ. ಮಾತಾಡಲು ಬಿಟ್ಟರೆ ಡಿಸ್ಕ್ ತುಂಬುವವರೆಗೂ ನಿಲ್ಲಿಸುವುದಿಲ್ಲ, ಥೇಟ್ ನಮ್ಮ ಸೋದರತ್ತೆ.

ಕಳೆದ ಬೇಸಿಗೆಯಲ್ಲಿ ಬೆಳಗಿನ ಹೊತ್ತು ಸರ್ವರ್ ತೆವಳತೊಡಗಿತು. ಕಾರಣ ಹುಡುಕು ಎಂದು ಮ್ಯಾನೇಜರ್ ಪೀಡಿಸತೊಡಗಿದರು. ನನಗೋ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಲಾಗ್ ಮಟ್ಟವನ್ನು, ಒಂದನ್ನೂ ಬಿಡದೆ ಬರೆಯುವ 'ಡೀಬಗ್'ಗೆ ಏರಿಸಿದೆ. ಆಗ ಯಾರು ಯಾವ ವರದಿ ತೆರೆದರೆಂಬುದೂ ದಾಖಲಾಗುತ್ತದೆ. ಮರುದಿನ ಸಿಕ್ಕಿಬಿದ್ದವರು ನಮ್ಮ ಗೋದಾಮಿನ ಮೇಲ್ವಿಚಾರಕರು. ಬಂಟ್ವಾಳದ ಕಡೆಯ ಬ್ಯಾರಿ ಸಾಹೇಬರು; ಮಬೇಲಾದಿಂದ ನಾನು ದಿನವೂ ಬರುವುದು ಅವರ ಕಾರಿನಲ್ಲೇ. ಇಡೀ ಕಂಪನಿಯ ನೌಕರರ ಒಪ್ಪಂದದ ವರದಿಯನ್ನು ಅವರು ಮತ್ತೆ ಮತ್ತೆ ತೆರೆಯುತ್ತಿದ್ದರು.

ಜಗಳಕ್ಕೆಂದೇ ಗೋದಾಮಿಗೆ ಇಳಿದೆ.

"ಎಂತ ಮಾಡುದು ಮೇಡಂ? ನನ್ನ ಹೆಸರಿನ ಎದುರು 'ಪರಿಶೀಲನೆಯಲ್ಲಿದೆ' ಅಂತ ಉಂಟು. ಮಗಳು ಹತ್ತನೇ ಕ್ಲಾಸು. ವರ್ಷದ ನಡುವಲ್ಲಿ ವೀಸಾ ಖಲಾಸ್ ಆದ್ರೆ ಎಲ್ಲಿಗೆ ಹೋಗುದು? ಆಫೀಸಲ್ಲಿ ಕೇಳ್ಲಿಕ್ಕೆ ಧೈರ್ಯ ಇಲ್ಲ. ಕೇಳಿದ್ರೆ ಅವರಿಗೆ ನೆನಪಾಗ್ತದೆ."

ಪಾಪ ಅನ್ನಿಸಿತು. ಒಂದು ಸಾಲಿಗಾಗಿ ಅವರು ದಿನವೂ ಇಡೀ ಕಂಪನಿಯನ್ನು ಹರವಿಕೊಳ್ಳುತ್ತಿದ್ದರು. ಹೆಸರು ಹಾಕಿ ಹುಡುಕಬಹುದೆಂದು ಯಾರೂ ಹೇಳಿಕೊಟ್ಟಿರಲಿಲ್ಲ.

"ಇನ್ನು ನೀವು ನೋಡೋದೇ ಬೇಡ ಸಾಹೇಬ್ರೇ. ಅದು ಬದಲಾದ ತಕ್ಷಣ ನನ್ನ ಫೋನಿಗೆ ಮೆಸೇಜ್ ಬರೋ ಹಾಗೆ ಮಾಡ್ತೀನಿ" ಎಂದೆ.

ವರದಿ ಭಾರವಾಗಿತ್ತು, ಹಗುರ ಮಾಡಿದ್ದೇನೆ ಎಂದು ಮ್ಯಾನೇಜರಿಗೆ ಬರೆದೆ. ಸುಳ್ಳೇನಲ್ಲ, ಹೆಸರು ಮಾತ್ರ ಬರೆಯಲಿಲ್ಲ. ಕೆಲಸ ಮುಗಿದ ಮೇಲೆ ಡೀಬಗ್ ಕಡತ ಅಳಿಸಬೇಕೆಂಬುದು ನಮ್ಮಲ್ಲಿನ ನಿಯಮ. ಆ ದಿನ ಅದನ್ನು ತುಸು ಅವಸರದಿಂದಲೇ ಪಾಲಿಸಿ, ಮಟ್ಟವನ್ನೂ ಇಳಿಸಿದೆ.

ಆಮೇಲೆ ಪ್ರತಿದಿನ ಕಾರು ಹತ್ತುವಾಗ ಅವರು ನನ್ನತ್ತ ಹುಬ್ಬೇರಿಸುತ್ತಿದ್ದರು. ನಾನು ಇಲ್ಲವೆಂದು ತಲೆಯಾಡಿಸುತ್ತಿದ್ದೆ. ಅಷ್ಟಾದ ಮೇಲೆ ಇಬ್ಬರೂ ಟ್ರಾಫಿಕ್ ಬೈಯುತ್ತ ಹೋಗುತ್ತಿದ್ದೆವು.

ಒಂದು ಬೆಳಿಗ್ಗೆ ಮವಾಲೇಹ್ ದಾಟುವಾಗ ಫೋನ್ ಸದ್ದು ಮಾಡಿತು. ಅವರ ಒಪ್ಪಂದ ನವೀಕರಣವಾಗಿತ್ತು. ಕಾರನ್ನು ಬದಿಗೆ ನಿಲ್ಲಿಸಿ, ಸ್ಟೀರಿಂಗ್ ಮೇಲೆ ಹಣೆಯಿಟ್ಟು "ಅಲ್‌ಹಮ್ದುಲಿಲ್ಲಾಹ್" ಎಂದರು. ನನ್ನ ಕಣ್ಣೂ ತುಂಬಿತು. ಕಣ್ಣಾರೆ ನೋಡಲಿ ಎಂದು ಫೋನ್ ಅವರ ಕೈಗೇ ಕೊಟ್ಟೆ.

"ಇದರಲ್ಲಿ ಎರಡು ಹೆಸರು ಉಂಟಲ್ಲ ಮೇಡಂ?"

ಎರಡನೆಯದು ನನ್ನದು, ಅವರದರ ಜೊತೆಗೇ ನಾನು ಸೇರಿಸಿಟ್ಟದ್ದು. ಅದರ ಎದುರು ಇನ್ನೂ 'ಪರಿಶೀಲನೆಯಲ್ಲಿದೆ' ಎಂದೇ ಇತ್ತು. ಸಾಹೇಬರು ಫೋನ್ ಮರಳಿಸಿ ಕಾರು ಹೊರಡಿಸಿದರು.

ಮರುದಿನ ಕಾರು ಹತ್ತಿದಾಗ ಅವರು ಎಂದಿನಂತೆ ಹುಬ್ಬೇರಿಸಿದರು.